ತಿಂಡಿ ಹೊರಗೆ ಕೊಳ್ಳುವುದೋ, ಮನೆಯಲ್ಲೇ ಮಾಡುವುದೋ: ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಎರಡು ಮೊಟ್ಟೆಯ ಬೆಲೆಯನ್ನು ಹೋಟೆಲಿನ ಆಮ್ಲೆಟ್ ಬೆಲೆಯ ಪಕ್ಕದಲ್ಲಿಟ್ಟರೆ ಮನೆಯೇ ಗೆಲ್ಲುತ್ತದೆ. ಅಷ್ಟಕ್ಕೆ ಮಾರ್ಗದರ್ಶಿ ಬೇಕಿಲ್ಲ. ಆದರೆ ಹೀಗೆ ಲೆಕ್ಕ ಹಾಕಿ ಮನೆ ತಿಂಡಿ ಶುರುಮಾಡಿದ ಎಷ್ಟೋ ಜನರಿಗೆ ತಿಂಗಳ ಕೊನೆಯಲ್ಲಿ ಉಳಿತಾಯವೇ ಕಾಣುವುದಿಲ್ಲ. ತಂದ ಬ್ರೆಡ್ಡಿಗೆ ಬೂಷ್ಟು ಹಿಡಿದಿರುತ್ತದೆ, ಹಣ್ಣು ಕಪ್ಪಾಗಿರುತ್ತದೆ, ಅದೇ ವಾರ ಹೊರಗಿನ ಬಿಲ್ಲೂ ಮೂರು ಸಲ ಆಗಿರುತ್ತದೆ. ಹೋಲಿಸಬೇಕಾದದ್ದು ಒಂದು ತಟ್ಟೆಗೆ ಇನ್ನೊಂದು ತಟ್ಟೆಯನ್ನಲ್ಲ, ಒಂದು ವಾರಕ್ಕೆ ಇನ್ನೊಂದು ವಾರವನ್ನು. ಅದೂ ನೀವು ಅಂದುಕೊಂಡ ವಾರವಲ್ಲ, ನಿಜವಾಗಿ ತಿಂದ ವಾರ.

ಇಲ್ಲಿ ಯಾವ ಊರಿನ ಬೆಲೆಯನ್ನೂ ಕೊಟ್ಟಿಲ್ಲ. ಹೊರಗಿನ ಒಂದು ತಿಂಡಿಯ ಮೆನು ಬೆಲೆಯನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನೆಲ್ಲ ಅದರ ಅಳತೆಯಲ್ಲೇ ಹೇಳಿದ್ದೇವೆ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಬಿಲ್ಲಿನ ಅಂಕಿ ಹಾಕಿಕೊಂಡರೆ ನಿಮ್ಮ ಉತ್ತರ ಸಿಗುತ್ತದೆ.

ಹಂತ 1: ಎರಡು ವಾರ ಏನನ್ನೂ ಬದಲಾಯಿಸದೆ ಬರೆದಿಡಿ

ಮೊದಲ ದಿನವೇ ಪದ್ಧತಿ ಬದಲಿಸಿದರೆ ಹೋಲಿಸಲು ಹಳೆಯ ಅಂಕಿಯೇ ಇರುವುದಿಲ್ಲ. ಫೋನಿನಲ್ಲೋ ಚೀಟಿಯಲ್ಲೋ ದಿನಕ್ಕೆ ಒಂದು ಸಾಲು ಸಾಕು: ಏನು ತಿಂದಿರಿ, ಒಟ್ಟು ಎಷ್ಟು ಕೊಟ್ಟಿರಿ, ನಿಮ್ಮ ಕೈಯಿಂದ ಎಷ್ಟು ನಿಮಿಷ ಹೋಯಿತು, ಮತ್ತೆ ಹಸಿವಾದದ್ದು ಎಷ್ಟು ಹೊತ್ತಿಗೆ, ಏನು ಕಸಕ್ಕೆ ಹೋಯಿತು.

ಹಸಿವಿನ ಕಾಲಂ ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎಂಟು ಗಂಟೆಗೆ ತಿಂದದ್ದು ಹತ್ತೂವರೆಗೆ ಕರಗಿ, ಮತ್ತೊಂದು ಪೊಟ್ಟಣ ಕೊಂಡರೆ ಅದರ ಹಣವೂ ಬೆಳಗಿನ ತಿಂಡಿಯ ಖಾತೆಗೇ ಸೇರಬೇಕು. ಸಿಹಿ ಬೇಕರಿ ತಿನಿಸು ಮತ್ತು ಸಕ್ಕರೆ ಹಾಕಿದ ಪಾನೀಯ ಬಿಲ್ಲಿನಲ್ಲಿ ಅಗ್ಗ ಅನ್ನಿಸಿದರೂ ಈ ಕಾಲಂ ಬರೆದ ಮೇಲೆ ಅನೇಕ ಸಲ ದುಬಾರಿಯಾಗುತ್ತವೆ. ಎರಡು ದೊಡ್ಡ ಮೊಟ್ಟೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇದೆ, 200 ಮಿಲಿ ಹಾಲಿನಲ್ಲಿ 6ರಿಂದ 7 ಗ್ರಾಂ. ಇಂಥ ತಿಂಡಿಯನ್ನು ಬರೀ ಮೈದಾ-ಸಕ್ಕರೆಯ ತಿನಿಸಿನ ಜೊತೆ ಬೆಲೆಯಲ್ಲಿ ಮಾತ್ರ ತೂಗಿದರೆ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ.

ಹಂತ 2: ಕೊಂಡ ತಿಂಡಿಯ ಪೂರ್ತಿ ಬೆಲೆ

ಮೆನು ಬೆಲೆಗೆ ಇವೆಲ್ಲ ಸೇರಿಸಿ: ತೆರಿಗೆ, ಪ್ಯಾಕಿಂಗ್, ಡೆಲಿವರಿ ಶುಲ್ಕ, ಆ್ಯಪ್ ಹಾಕುವ ಸೇವಾಶುಲ್ಕ, ಟಿಪ್ಸ್. ಆ್ಯಪಿನಲ್ಲಿ ತೋರಿಸುವ ಬೆಲೆ ಅಂಗಡಿಯ ಬೋರ್ಡಿನ ಬೆಲೆಗಿಂತ ಹೆಚ್ಚಿರುವುದೂ ಉಂಟು. ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೊನೆಗೆ, ಬೇಕಿಲ್ಲದಿದ್ದರೂ ಸೇರಿಕೊಂಡದ್ದನ್ನು ಬೇರೆಯಾಗಿ ಗುರುತು ಹಾಕಿ. 'ಇನ್ನು ಸ್ವಲ್ಪ ಆರ್ಡರ್ ಮಾಡಿದರೆ ಡೆಲಿವರಿ ಉಚಿತ' ಎಂದು ಸೇರಿಸಿದ ಜ್ಯೂಸು ಉಳಿತಾಯವಲ್ಲ, ಖರ್ಚು.

ನಮ್ಮ ಉದಾಹರಣೆಯಲ್ಲಿ ಮೆನು ಬೆಲೆ 100, ತೆರಿಗೆ ಮತ್ತು ಪ್ಯಾಕಿಂಗ್ 12. ನೀವೇ ಹೋಗಿ ತಂದರೆ 112. ಡೆಲಿವರಿ 28 ಸೇರಿದರೆ 140.

ತಿಂಗಳ ಪಾಸ್ ಅಥವಾ ಸಬ್‌ಸ್ಕ್ರಿಪ್ಷನ್ ಇದ್ದರೆ ಅದರ ಹಣವನ್ನು ಆ ತಿಂಗಳು ನಿಜವಾಗಿ ಮಾಡಿದ ಆರ್ಡರುಗಳಿಂದ ಭಾಗಿಸಿ, ಪ್ರತಿಯೊಂದಕ್ಕೂ ಹಂಚಿ. ಅದನ್ನು 'ಹೇಗೂ ಕಟ್ಟಿಯಾಗಿದೆ' ಎಂದು ಲೆಕ್ಕದಿಂದ ಬಿಡಬೇಡಿ.

ಹಂತ 3: ಮನೆ ತಿಂಡಿಯ ಪೂರ್ತಿ ಬೆಲೆ

ಇಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕು. ಸೂತ್ರ ಸರಳ: ಪ್ಯಾಕೆಟ್ ಬೆಲೆಯನ್ನು ಗ್ರಾಂನಿಂದ ಭಾಗಿಸಿ, ಬಳಸಿದ ಗ್ರಾಂನಿಂದ ಗುಣಿಸಿ. ಎಡವುವುದು ಮೂರು ಕಡೆ.

ಒಂದು, ತಿನ್ನದೆ ಎಸೆಯುವ ಭಾಗ. ಮೊಟ್ಟೆಯ ತೂಕದಲ್ಲಿ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಚಿಪ್ಪು. ಬಾಳೆಹಣ್ಣಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಸಿಪ್ಪೆ. ಹಣ್ಣನ್ನು ಸಿಪ್ಪೆಸಹಿತ ತೂಕಕ್ಕೆ ಕೊಂಡು, ಸುಲಿದ ತೂಕದಲ್ಲಿ ಲೆಕ್ಕ ಹಾಕಿದರೆ ಅಷ್ಟರಮಟ್ಟಿಗೆ ತಪ್ಪುತ್ತದೆ.

ಎರಡು, ಎಣ್ಣೆ ಮತ್ತು ಬೆಣ್ಣೆ. 'ಒಂದು ಚಮಚ' ಎಂದು ಬರೆದರೂ ಬಾಟಲಿಯಿಂದ ನೇರ ಸುರಿದರೆ ಎಷ್ಟೋ ಸಲ ಎರಡು-ಮೂರು ಚಮಚ ಬಿದ್ದಿರುತ್ತದೆ. ಚಿಕ್ಕ ಅಳತೆ ಚಮಚ 5 ಮಿಲಿ, ದೊಡ್ಡದು 15 ಮಿಲಿ. ದಿನಾ ಅಳೆಯುವುದು ಬೇಡವೆಂದರೆ ಬಾಟಲಿಯ ಹೊರಗೆ ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಒಂದು ಟೇಪು ಅಂಟಿಸಿ, ಏಳು ದಿನದ ನಂತರ ಮತ್ತೆ ಆ ಟೇಪಿನ ಮಟ್ಟದವರೆಗೆ ತುಂಬಲು ಎಷ್ಟು ಹಿಡಿಯಿತೆಂದು ನೋಡಿ. ಆ ಬಾಟಲಿ ತಿಂಡಿಗೆ ಮಾತ್ರ ಇರಲಿ. ಬಂದ ಅಂಕಿ ನೋಡಿ ಬೆರಗಾಗುವವರೇ ಹೆಚ್ಚು.

ಮೂರು, ಉಪ್ಪು, ಮೆಣಸಿನಪುಡಿ, ಸಕ್ಕರೆಯಂಥ ಚಿಲ್ಲರೆ. ಇವನ್ನು ಗ್ರಾಂಗಟ್ಟಲೆ ಅಳೆಯುತ್ತ ಕೂರಬೇಡಿ. ಉಳಿದ ಸಾಮಗ್ರಿಯ ಒಟ್ಟಿಗೆ 5 ಶೇಕಡಾ ಸೇರಿಸಿದರೆ ಕೆಲಸ ಮುಗಿಯಿತು.

ಇಂಧನದ ವಿಷಯದಲ್ಲಿ ಇರುವ ಭಯ ಬಹುಪಾಲು ಅನಗತ್ಯ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದ ಶಾಖ ಸುಮಾರು 314 ಕಿಲೋಜೂಲ್. ವಿದ್ಯುತ್ ಕೆಟಲಿನಲ್ಲಿ ಅದು ಸೋರಿಕೆಯೂ ಸೇರಿ 0.1 ಯೂನಿಟ್ ಆಸುಪಾಸು. ಗ್ಯಾಸ್ ಒಲೆಯಲ್ಲಿ ಅರ್ಧ ಶಾಖ ಮಾತ್ರ ಪಾತ್ರೆಗೆ ಸೇರುತ್ತದೆ ಎಂದಿಟ್ಟುಕೊಂಡರೂ ಎಲ್‌ಪಿಜಿ 14 ಗ್ರಾಂನಷ್ಟು ಸಾಕು. 900 ವ್ಯಾಟಿನ ಟೋಸ್ಟರ್ ಮೂರು ನಿಮಿಷ ಉರಿದರೆ 0.045 ಯೂನಿಟ್. ಲೆಕ್ಕ ಕೆಡಿಸುವುದು ದೊಡ್ಡ ಓವನ್: 2000 ವ್ಯಾಟಿನದು 15 ನಿಮಿಷ ಪೂರ್ತಿ ಉರಿದರೆ ಅರ್ಧ ಯೂನಿಟ್. ಎರಡು ಹೋಳು ಬ್ರೆಡ್ಡಿಗೆ ಓವನ್ ಹಚ್ಚುವುದೆಂದರೆ ಟೋಸ್ಟರಿಗೆ ಹನ್ನೊಂದು ಪಟ್ಟು ವಿದ್ಯುತ್. ಪಾತ್ರೆಗೆ ಮುಚ್ಚಳ ಹಾಕುವುದು, ಬೇಕಾದಷ್ಟೇ ನೀರಿಡುವುದು, ಇವೆರಡು ರೂಢಿಯಾದರೆ ಇಂಧನದ ಬಗ್ಗೆ ಮತ್ತೆ ಯೋಚಿಸುವ ಅಗತ್ಯವೇ ಬರುವುದಿಲ್ಲ.

ಈಗ ಎರಡು ಮೊಟ್ಟೆ, ಎರಡು ಹೋಳು ಬ್ರೆಡ್, ಒಂದು ಚಿಕ್ಕ ಚಮಚ ಬೆಣ್ಣೆ, 150 ಮಿಲಿ ಹಾಲು, ಒಂದು ಹಣ್ಣು ಇರುವ ತಿಂಡಿ ನೋಡೋಣ. ಮೊಟ್ಟೆ 14, ಬ್ರೆಡ್ 5, ಬೆಣ್ಣೆ 3, ಹಾಲು 8, ಹಣ್ಣು 6: ಒಟ್ಟು 36. ಚಿಲ್ಲರೆ ಸೇರಿ 38. ಇಂಧನ 2, ಪಾತ್ರೆ-ಸಾಧನಗಳ ಸವಕಳಿ 1. ಆಯಿತು 41.

ಹೋಟೆಲ್ ಉದ್ಯಮದಲ್ಲಿ ಕಚ್ಚಾ ಸಾಮಗ್ರಿಯ ಖರ್ಚನ್ನು ಮಾರುವ ಬೆಲೆಯ 28ರಿಂದ 35 ಶೇಕಡಾದೊಳಗೆ ಇಡಲು ನೋಡುತ್ತಾರೆ. ಅವರು ಸಗಟಿನಲ್ಲಿ ಕೊಳ್ಳುತ್ತಾರೆ, ನೀವು ಚಿಲ್ಲರೆಯಲ್ಲಿ. ಹಾಗಾಗಿ ನಿಮ್ಮ ಸಾಮಗ್ರಿ ಲೆಕ್ಕ ಮೆನು ಬೆಲೆಯ 15 ಶೇಕಡಾ ಎಂದೇನಾದರೂ ಬಂದರೆ ಒಮ್ಮೆ ಮರುಪರಿಶೀಲಿಸಿ. ಏನೋ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.

ಹಂತ 4: ಕಸದ ಬುಟ್ಟಿಯ ಲೆಕ್ಕ

20 ಹೋಳಿನ ಬ್ರೆಡ್ಡಿನಲ್ಲಿ 12 ತಿಂದು 8 ಎಸೆದರೆ, ತಿಂದ ಪ್ರತಿ ಹೋಳಿನ ಬೆಲೆ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ. ದೊಡ್ಡ ಪ್ಯಾಕೆಟ್ಟು ಅಗ್ಗ ಎಂಬ ಮಾತು ಅದನ್ನು ಖಾಲಿ ಮಾಡುವ ಮನೆಗೆ ಮಾತ್ರ ನಿಜ.

ಕಸ ಹೆಚ್ಚಾಗುವುದು ಅಡುಗೆ ಬಾರದ್ದರಿಂದಲ್ಲ, ಮಾಡದ ಅಡುಗೆಯಿಂದ. ವಾರಕ್ಕೆ ಆರು ದಿನ ಮನೆಯಲ್ಲೇ ಎಂದು ಸಾಮಾನು ತಂದು, ನಾಲ್ಕೇ ದಿನ ಮಾಡಿದಿರಿ ಅಂದುಕೊಳ್ಳಿ. ನಾಲ್ಕು ದಿನದ್ದು 164. ಎರಡು ದಿನ ಹೊರಗಿನದ್ದು 224. ಆ ಎರಡು ದಿನಕ್ಕೆಂದು ತಂದ ಮೊಟ್ಟೆ, ಬೆಣ್ಣೆ ಉಳಿದಾವು. ಬ್ರೆಡ್, ಹಾಲು, ಹಣ್ಣು ಕೆಟ್ಟರೆ ಇನ್ನೊಂದು 38. ಒಟ್ಟು 426. ಮೊದಲೇ ನಾಲ್ಕು ದಿನಕ್ಕೆ ಮಾತ್ರ ತಂದಿದ್ದರೆ 388ರಲ್ಲಿ ಮುಗಿಯುತ್ತಿತ್ತು. ಆದ್ದರಿಂದ ನಿಮ್ಮ ಹಂತ 1ರ ಚೀಟಿಯಲ್ಲಿ ನಿಜವಾಗಿ ಎಷ್ಟು ದಿನ ಒಲೆ ಹಚ್ಚಿದ್ದೀರೋ ಅದಕ್ಕಿಂತ ಒಂದೇ ಒಂದು ದಿನ ಹೆಚ್ಚಿಗೆ ಯೋಜಿಸಿ. ಎರಡು ದಿನದಿಂದ ನೇರ ಆರಕ್ಕೆ ಹಾರಿದವರು ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ.

ಹಂತ 5: ಸಮಯಕ್ಕೆ ಬೆಲೆ ಕಟ್ಟುವುದು

'ನನ್ನ ಒಂದು ಗಂಟೆಯ ಸಂಬಳ ಇಷ್ಟು, ಆದ್ದರಿಂದ ಅಡುಗೆ ನಷ್ಟ' ಎನ್ನುವ ವಾದ ಕೇಳಲು ಚೆನ್ನಾಗಿದೆ. ಬೆಳಗಿನ ಏಳು ಗಂಟೆಯ ಹದಿನೈದು ನಿಮಿಷಕ್ಕೆ ನಿಮಗೆ ಯಾರಾದರೂ ಸಂಬಳ ಕೊಡುವುದಿದ್ದರೆ ಮಾತ್ರ ಅದು ಸರಿ. ಉಲ್ಟಾ ದಾರಿಯಿಂದ ಹೋದರೆ ಲೆಕ್ಕ ಸ್ವಚ್ಛ: ಮನೆಯಲ್ಲಿ ಮಾಡಿ ಉಳಿಸಿದ ಹಣವನ್ನು ಅದಕ್ಕೆ ತಗಲಿದ ಹೆಚ್ಚುವರಿ ನಿಮಿಷಗಳಿಂದ ಭಾಗಿಸಿ, 60ರಿಂದ ಗುಣಿಸಿ. ಅಡುಗೆಮನೆ ನಿಮಗೆ ಗಂಟೆಗೆ ಎಷ್ಟು ಕೊಡುತ್ತದೆ ಎಂಬುದು ಅದೇ. ಆ ದರಕ್ಕೆ ನೀವು ಅಷ್ಟು ಬೇಗ ಏಳುತ್ತೀರಾ ಎಂಬುದು ಮಾತ್ರ ನಿಮ್ಮ ತೀರ್ಮಾನ.

ನಿಮಿಷ ಎಣಿಸುವಾಗ ಕೈ ಆಡಿಸುವ ಹೊತ್ತನ್ನೂ ಸುಮ್ಮನೆ ಕಾಯುವ ಹೊತ್ತನ್ನೂ ಬೇರೆ ಮಾಡಿ. ಮೊಟ್ಟೆ ಬೇಯುವ ಹತ್ತು ನಿಮಿಷದಲ್ಲಿ ನೀವು ಸ್ನಾನಕ್ಕೆ ಹೋಗಬಹುದಾದರೆ ಅದು ಖರ್ಚಲ್ಲ. ಪಾತ್ರೆ ತೊಳೆಯುವುದು ಖರ್ಚು, ಅಂಗಡಿಗೆ ಹೋಗಿ ಬಂದದ್ದರ ಪಾಲೂ ಖರ್ಚು. ಹೊರಗಿನ ತಿಂಡಿಗೂ ಇದೇ ನ್ಯಾಯ: ದಾರಿಬದಿಯಲ್ಲೇ ಸಿಗುವುದಾದರೆ ಸಾಲಿನಲ್ಲಿ ನಿಂತ ಹೊತ್ತು ಮಾತ್ರ, ಅದಕ್ಕೆಂದೇ ಹೋದರೆ ಹೋಗಿಬಂದದ್ದೂ ಸೇರಿ.

ಉದಾಹರಣೆಗೆ ಮನೆಯಲ್ಲಿ ಮಾಡಲು 10 ನಿಮಿಷ, ತೊಳೆಯಲು 6, ಸಾಮಾನು ತರುವುದರ ಪಾಲು 2: ಒಟ್ಟು 18. ಸ್ವಲ್ಪ ವ್ಯರ್ಥವಾಗುವುದನ್ನೂ ಹಿಡಿದು ಮನೆ ತಿಂಡಿಗೆ 47 ಹಾಕೋಣ. ಡೆಲಿವರಿಗೆ ಆರ್ಡರ್ ಮಾಡಿ ಬಾಗಿಲಲ್ಲಿ ಪಡೆಯಲು 3 ನಿಮಿಷ. ಅಂದರೆ 15 ನಿಮಿಷ ಹೆಚ್ಚು ಕೊಟ್ಟು 93 ಉಳಿಸಿದಿರಿ, ಗಂಟೆಗೆ 372. ನಡೆದು ಹೋಗಿ ಕಾದು ತರಲು 20 ನಿಮಿಷ ಹಿಡಿದರೆ ಲೆಕ್ಕವೇ ಬೇಡ, ಹಣವೂ ಹೊತ್ತೂ ಎರಡೂ ಮನೆಯಲ್ಲೇ ಕಡಿಮೆ.

ನಾಲ್ಕು ಜನರ ಮನೆಯಲ್ಲಿ ಚಿತ್ರ ಇನ್ನೂ ಬದಲಾಗುತ್ತದೆ. ಹೊರಗಿನ ಬಿಲ್ಲು ತಲೆಗಿಷ್ಟು ಎಂದು ಏರುತ್ತದೆ: ನಾಲ್ಕು 112, ಒಂದು ಡೆಲಿವರಿ, ಒಟ್ಟು 476. ಮನೆಯಲ್ಲಿ 188. ಆದರೆ ಮನೆಯ ಕೆಲಸ ನಾಲ್ಕು ಪಟ್ಟಾಗುವುದಿಲ್ಲ. 18 ನಿಮಿಷ 30 ಆದೀತು. 27 ನಿಮಿಷಕ್ಕೆ 288 ಉಳಿಯಿತು, ಗಂಟೆಗೆ 640. ಒಬ್ಬರೇ ಇರುವವರಿಗೆ ಈ ಅನುಕೂಲ ಬೇಕಿದ್ದರೆ ಉಪಾಯ ಒಂದೇ: ನಾಲ್ಕು ಜನರಿಗೆ ಒಂದು ದಿನ ಮಾಡುವ ಬದಲು ಒಬ್ಬರಿಗೆ ಮೂರು ದಿನದ್ದು ಒಟ್ಟಿಗೆ ಮಾಡುವುದು.

ಒಂದು ಎಚ್ಚರಿಕೆ. ಆ 30 ನಿಮಿಷ ಯಾರದು ಎಂದು ಕೇಳಿಕೊಳ್ಳಿ. ಉಳಿತಾಯ ಮನೆಯವರಿಗೆಲ್ಲ ಸೇರಿ, ದುಡಿಮೆ ಒಬ್ಬರದ್ದೇ ಆದರೆ ಅದು ಉಳಿತಾಯವಲ್ಲ, ಖರ್ಚನ್ನು ಒಬ್ಬರ ತಲೆಗೆ ಕಟ್ಟಿದ್ದು. ಮಾಡುವವರು ಒಬ್ಬರು, ತೊಳೆಯುವವರು ಇನ್ನೊಬ್ಬರು ಎಂದಾದರೂ ಹಂಚಿ.

ಹಂತ 6: ತಿಂಡಿಯನ್ನು ಬಿಡಿಬಿಡಿಯಾಗಿ ನೋಡಿ

ಕೊಳ್ಳುವುದು ಅಥವಾ ಮಾಡುವುದು ಎಂದು ಇಡೀ ತಿಂಡಿಗೆ ಒಂದೇ ಉತ್ತರ ಬೇಕಿಲ್ಲ. ತಟ್ಟೆಯಲ್ಲಿರುವ ಪ್ರತಿಯೊಂದಕ್ಕೂ ಬೇರೆ ಉತ್ತರ ಇದೆ.

ಪಾನೀಯ ಮನೆಯಲ್ಲೇ. 250 ಮಿಲಿ ಫಿಲ್ಟರ್ ಮಾಡಿದ ಕಾಫಿಗೆ ಪುಡಿ 15 ಗ್ರಾಂ ಸಾಕು. ಮಾಡುವ ಶ್ರಮ ಕಡಿಮೆ, ಹೊರಗೆ ತೆರುವ ಹೆಚ್ಚುವರಿ ದೊಡ್ಡದು. ಬೇಯಿಸಿದ ಮೊಟ್ಟೆ, ಹಣ್ಣು, ನೆನೆಸಿದ ಓಟ್ಸ್ ಕೂಡ ಮನೆಯವೇ. ಹಣ್ಣನ್ನು ಹೆಚ್ಚಿ ಡಬ್ಬಿಗೆ ಹಾಕಿದ್ದಕ್ಕೆ ಅಂಗಡಿಯವರು ತೆಗೆದುಕೊಳ್ಳುವ ಕೂಲಿ ಬಹಳ ಜಾಸ್ತಿ. ಇನ್ನು ಪದರ ಪದರವಾಗಿ ಲಟ್ಟಿಸಬೇಕಾದ, ಗಂಟೆಗಟ್ಟಲೆ ಹುದುಗಬೇಕಾದ, ಬಾಣಲೆ ತುಂಬ ಎಣ್ಣೆ ಬೇಡುವ ತಿನಿಸುಗಳನ್ನು ಹೊರಗೇ ತಿನ್ನಿ. ಒಬ್ಬರಿಗಾಗಿ ಒಂದು ಲೀಟರ್ ಎಣ್ಣೆ ಕಾಯಿಸಿ, ಉಳಿದ ಕರಿದ ಎಣ್ಣೆಯನ್ನು ಏನು ಮಾಡುವುದೆಂದು ಯೋಚಿಸುವುದರಲ್ಲಿ ಉಳಿತಾಯ ಎಲ್ಲಿಂದ ಬರಬೇಕು?

ಹಂತ 7: ಬೆಳಗಿನ ಕೆಲಸವನ್ನು ರಾತ್ರಿಗೆ ದೂಡುವುದು

ನಿದ್ದೆಗಣ್ಣಿನಲ್ಲಿ ತೆಗೆದುಕೊಳ್ಳುವ ತೀರ್ಮಾನ ಯಾವಾಗಲೂ ಫೋನಿನ ಕಡೆಗೇ ವಾಲುತ್ತದೆ. ಹಾಗಾಗಿ ಬೆಳಿಗ್ಗೆ ಕೈಯಿಡುವ ಕೆಲಸ ಐದು ನಿಮಿಷದೊಳಗೆ ಇರಬೇಕು. ಮೂರು ಆಧಾರಗಳು ಸಾಕು.

ಮೊಟ್ಟೆ: ಫ್ರಿಜ್ಜಿನಿಂದ ತೆಗೆದದ್ದನ್ನು ಚಮಚದಲ್ಲಿ ಮೆಲ್ಲಗೆ ಕುದಿಯುವ ನೀರಿಗೆ ಇಳಿಸಿ. ಹಳದಿ ಹರಿಯುವಂತೆ ಬೇಕಾದರೆ 6 ನಿಮಿಷ, ಗಟ್ಟಿ ಬೇಕಾದರೆ 10ರಿಂದ 11. ಕೂಡಲೇ ತಣ್ಣೀರಿಗೆ ಹಾಕಿ ಐದು ನಿಮಿಷ ಬಿಡಿ. ಎತ್ತರದ ಊರುಗಳಲ್ಲಿ ನೀರು ಕಡಿಮೆ ಉಷ್ಣತೆಗೇ ಕುದಿಯುವುದರಿಂದ ಒಂದೆರಡು ನಿಮಿಷ ಹೆಚ್ಚು ಬೇಕು. ಸಿಪ್ಪೆ ಕಿತ್ತು ಬಿಳಿಯೂ ಅಂಟಿಕೊಂಡು ಬಂದರೆ ಎರಡು ಕಾರಣ: ಮೊಟ್ಟೆ ತೀರಾ ಹೊಸದು, ಇಲ್ಲವೇ ತಣ್ಣೀರಿನಲ್ಲಿಟ್ಟು ನಿಧಾನ ಕಾಯಿಸಿದ್ದೀರಿ. ಹಳದಿಯ ಸುತ್ತ ಹಸಿರು-ಬೂದು ಉಂಗುರ ಕಂಡರೆ ಹೆಚ್ಚು ಬೆಂದಿದೆ ಎಂದರ್ಥ. ಬಿಳಿಯ ಗಂಧಕವೂ ಹಳದಿಯ ಕಬ್ಬಿಣವೂ ಸೇರಿ ಆದದ್ದು, ತಿನ್ನಲು ಅಡ್ಡಿಯಿಲ್ಲ. ಬೇಯಿಸಿದ ಮೊಟ್ಟೆ ಸಿಪ್ಪೆಸಹಿತ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ.

ಬ್ರೆಡ್: ಫ್ರಿಜ್ಜಿನಲ್ಲಿ ಇಡಬೇಡಿ. ಬೂಷ್ಟು ತಡವಾದರೂ ಆ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗಿ ಬ್ರೆಡ್ ಒಣಕಲಾಗುತ್ತದೆ. ಎರಡು ದಿನಕ್ಕಾಗುವಷ್ಟು ಹೊರಗಿಟ್ಟು ಉಳಿದದ್ದನ್ನು ಹೋಳು ಮಾಡಿ, ಗಾಳಿ ಹಿಂಡಿದ ಚೀಲದಲ್ಲಿ ಫ್ರೀಜರಿಗೆ ಹಾಕಿ. ಕರಗಿಸುವ ಗೋಜು ಬೇಡ, ಗಡ್ಡೆಕಟ್ಟಿದ ಹೋಳನ್ನೇ ಟೋಸ್ಟರಿಗೆ ಇಳಿಸಿ ಅರ್ಧ ನಿಮಿಷ ಹೆಚ್ಚು ಬಿಟ್ಟರಾಯಿತು. ಹೋಳು ಮಾಡದೆ ಇಡೀ ಬ್ರೆಡ್ ಇಟ್ಟವರಿಗೆ ಬೆಳಿಗ್ಗೆ ಸಿಗುವುದು ಇಟ್ಟಿಗೆ.

ಓಟ್ಸ್: ಚಪ್ಪಟೆ ಮಾಡಿದ ಓಟ್ಸ್ 40 ಗ್ರಾಂ, ಹಾಲು 120 ಮಿಲಿ, ಚಿಟಿಕೆ ಉಪ್ಪು, ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ. ತಕ್ಷಣ ಬೇಯುವ ಸಣ್ಣ ಪುಡಿಯಂಥದ್ದನ್ನು ಹಾಕಿದರೆ ಅಂಟಾಗುತ್ತದೆ, ತುಂಡು ಮಾಡಿದ ಗಟ್ಟಿ ಕಾಳನ್ನು ಹಾಕಿದರೆ ಬೆಳಿಗ್ಗೆಯೂ ಹಲ್ಲಿಗೆ ಕೆಲಸ. ಮೂರು ಡಬ್ಬಿಗಿಂತ ಹೆಚ್ಚು ಒಮ್ಮೆಗೇ ಮಾಡಬೇಡಿ. ಹಣ್ಣನ್ನು ಬೆಳಿಗ್ಗೆ ಹೆಚ್ಚಿ ಹಾಕಿ.

ಬೇಯಿಸಿದ ಯಾವುದೇ ಪದಾರ್ಥ 5ರಿಂದ 60 ಡಿಗ್ರಿ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. 32 ಡಿಗ್ರಿ ದಾಟಿದ ಸೆಖೆಯಲ್ಲಿ ಒಂದೇ ಗಂಟೆ. ಆರಲಿ ಎಂದು ಒಲೆಯ ಮೇಲೆ ಬಿಟ್ಟು ಮಲಗಿದರೆ ಬೆಳಿಗ್ಗೆ ಅದನ್ನು ಕಸಕ್ಕೇ ಹಾಕಬೇಕು. ಅಗಲವಾದ ತಟ್ಟೆಗೆ ಹರಡಿದರೆ ಬೇಗ ಆರುತ್ತದೆ. ಹೊರಗಿಂದ ತರಿಸಿ ಮೇಜಿನ ಮೇಲೆ ಮರೆತ ಪೊಟ್ಟಣಕ್ಕೂ ಇದೇ ಗಡುವು.

ಹಂತ 8: ವಾರದ ಪಟ್ಟಿ ಬರೆಯುವುದು

ನಿಮ್ಮ ಎರಡು ವಾರದ ಚೀಟಿಯಲ್ಲಿ ಹೊರಗೆ ತಿಂದ ದಿನಗಳನ್ನು ಸುತ್ತು ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ. ತಡವಾಗಿ ಎದ್ದದ್ದು, ಸಾಮಾನು ಮುಗಿದದ್ದು, ಆಸೆಯಾದದ್ದು, ಬೇಸರ ಬಂದದ್ದು. ಪ್ರತಿಯೊಂದಕ್ಕೂ ಮದ್ದು ಬೇರೆ.

ತಡವಾಗುವ ದಿನ ಸಾಮಾನ್ಯವಾಗಿ ಪ್ರತಿ ವಾರ ಅದೇ ಇರುತ್ತದೆ. ಆ ದಿನಕ್ಕೆ ನೆನೆಸಿಟ್ಟ ಡಬ್ಬಿ. ಸಾಮಾನು ಮುಗಿಯುವುದಕ್ಕೆ ತಿಂಗಳುಗಟ್ಟಲೆ ಕೆಡದ ಒಂದು ತುರ್ತು ತಿಂಡಿ ಕಪಾಟಿನಲ್ಲಿರಲಿ: ಓಟ್ಸ್, ಹಾಲಿನ ಪುಡಿ, ಕಡಲೆಕಾಯಿ ಬೆಣ್ಣೆಯಂಥದ್ದು. ಆಸೆಗೆ ಮದ್ದಿಲ್ಲ, ಬೇಕಾಗಿಯೂ ಇಲ್ಲ; ವಾರದಲ್ಲಿ ಒಂದು ದಿನ ಅದಕ್ಕೇ ಮೀಸಲಿಟ್ಟು, ಆ ದಿನ ಹೋಗಿ ಕೂತು ಬಿಸಿಬಿಸಿಯಾಗಿ ತಿನ್ನಿ. ಡಬ್ಬಿಯೊಳಗೆ ಬೆವೆತು ಮೆತ್ತಗಾದದ್ದಕ್ಕೆ 140 ಕೊಡುವುದಕ್ಕಿಂತ ತಟ್ಟೆಯಲ್ಲಿ ಗರಿಗರಿಯಾಗಿ ಬಂದದ್ದಕ್ಕೆ 112 ಕೊಡುವುದು ಮೇಲು. ಬೇಸರ ಅಂದರೆ ಒಂದೇ ತಿಂಡಿ ವಾರದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬಂದಿದೆ ಎಂದು.

ಹೊಸ ಸಾಧನ ಕೊಳ್ಳುವುದನ್ನು ಈ ಪಟ್ಟಿ ಒಂದು ತಿಂಗಳು ನಡೆದ ಮೇಲೆ ಯೋಚಿಸಿ. ಅದರ ಬೆಲೆಯನ್ನು ಪ್ರತಿ ಸಲ ಉಳಿಯುವ ಹಣದಿಂದ ಭಾಗಿಸಿದರೆ ಎಷ್ಟು ತಿಂಡಿಗೆ ಬಂಡವಾಳ ವಾಪಸಾಗುತ್ತದೆಂದು ತಿಳಿಯುತ್ತದೆ. ಆದರೆ ಈಗಿರುವ ಬಾಣಲೆಯಲ್ಲೇ ಮಾಡುತ್ತಿದ್ದ ತಿಂಡಿಯನ್ನೇ ಹೊಸದರಲ್ಲಿ ಮಾಡುವುದಾದರೆ ಉಳಿಯುವ ಹಣ ಸೊನ್ನೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಬ್ಲೆಂಡರ್ ಕೊಳ್ಳುವವರು ಅದರ ಬ್ಲೇಡು, ಮುಚ್ಚಳದ ರಬ್ಬರು ತೊಳೆಯುವ ನಿಮಿಷಗಳನ್ನೂ ಹಂತ 5ರಲ್ಲಿ ಸೇರಿಸಲಿ. ರಬ್ಬರಿನ ಸಂದಿಯಲ್ಲಿ ಹಾಲು ನಿಂತರೆ ಎರಡೇ ದಿನಕ್ಕೆ ವಾಸನೆ.

ನಾಲ್ಕು ವಾರವಾದ ಮೇಲೆ ಮತ್ತೆ ಒಂದು ವಾರ ಪೂರ್ತಿ ಬರೆದು ಹಳೆಯ ಚೀಟಿಯ ಪಕ್ಕ ಇಡಿ. ಮೊಟ್ಟೆ ಅಥವಾ ಹಾಲಿನ ಬೆಲೆ ಹತ್ತಿಪ್ಪತ್ತು ಶೇಕಡಾ ಏರಿದ್ದಕ್ಕೆ ಪಟ್ಟಿ ಬದಲಿಸಬೇಕಿಲ್ಲ. ಮೊಟ್ಟೆ 14ರಿಂದ 17 ಆದರೂ ಒಟ್ಟು 41 ಇದ್ದದ್ದು 44 ಆಗುತ್ತದೆ, ಅಷ್ಟೆ. ಮನೆಯಲ್ಲಿ ತಿನ್ನುವವರ ಸಂಖ್ಯೆ ಬದಲಾದಾಗ, ಕೆಲಸಕ್ಕೆ ಹೋಗುವ ದಾರಿ ಬದಲಾದಾಗ, ಹೊರಡುವ ಹೊತ್ತು ಅರ್ಧ ಗಂಟೆ ಹಿಂದೆ ಮುಂದೆ ಆದಾಗ ಮಾತ್ರ ಹಂತ 5ನ್ನು ಹೊಸದಾಗಿ ಹಾಕಿ ನೋಡಿ.